ಮೆಗ್ನೀಸಿಯಂ ನೈಟ್ರೇಟ್: ಯಾವ ಮಣ್ಣಿಗೆ, ಯಾವ ಹಳದಿಗೆ?



ಅಡಿಕೆಯ ಸೋಗೆ ಹಳದಿಯಾದರೆ ಅಥವಾ ಕಾಫಿ ಗಿಡದ ಎಲೆ ಬಣ್ಣಗೆಟ್ಟರೆ, ಯಾವ ಗೊಬ್ಬರ ಹಾಕೋಣ ಎಂಬ ಯೋಚನೆಯೇ ನಮಗೆ ಮೊದಲು ಬರುತ್ತದೆ. ಇದು ಯಾವ ಹಳದಿ ಎಂದು ಕೇಳಿಕೊಳ್ಳುವವರು ಕಡಿಮೆ. ಬಳ್ಳಾರಿ, ಸಿರುಗುಪ್ಪ, ಕುರುಗೋಡು ಕಡೆಯ ಹತ್ತಿ, ಮೆಣಸಿನಕಾಯಿ ಹೊಲಗಳಲ್ಲಿ ಎಲೆಗೆ ಸಿಂಪಡಿಸುವ ಮೆಗ್ನೀಸಿಯಂ ಲವಣಗಳು ನಮ್ಮ ಪೇಟೆಯ ಗೊಬ್ಬರದ ಅಂಗಡಿಯಲ್ಲೂ ಸಿಗುತ್ತವೆ. ಅವುಗಳಲ್ಲಿ ಮೆಗ್ನೀಸಿಯಂ ನೈಟ್ರೇಟ್ ಒಂದು. ಅಲ್ಲಿ ಉಪಯೋಗಕ್ಕೆ ಬಂದದ್ದು ಇಲ್ಲಿಯೂ ಹಾಗೆಯೇ ಉಪಯೋಗಕ್ಕೆ ಬರುತ್ತದೆಯೇ? ಹಣ ತೆರುವ ಮೊದಲು ಇದನ್ನು ತಿಳಿದುಕೊಳ್ಳುವುದು ಲೇಸು.

ಈ ಲವಣದ ಗುಣ

ಮೆಗ್ನೀಸಿಯಂ ಆಕ್ಸೈಡ್ ಅಥವಾ ಮ್ಯಾಗ್ನೆಸೈಟ್ ಖನಿಜವನ್ನು ನೈಟ್ರಿಕ್ ಆಮ್ಲದಲ್ಲಿ ಕರಗಿಸಿದರೆ ಈ ಲವಣ ಬರುತ್ತದೆ. ಪೇಟೆಯಲ್ಲಿ ಸಿಗುವ ಬಿಳಿಯ ಹರಳಿನ ಪ್ರತಿ ಅಣುವಿನಲ್ಲಿ ಒಂದು ಮೆಗ್ನೀಸಿಯಂ ಪರಮಾಣು, ಎರಡು ನೈಟ್ರೇಟ್ ಗುಂಪು ಮತ್ತು ಆರು ನೀರಿನ ಅಣುಗಳಿರುತ್ತವೆ. ತೂಕದ ಲೆಕ್ಕದಲ್ಲಿ ಮೆಗ್ನೀಸಿಯಂ ಶೇಕಡಾ 9.5, ಸಾರಜನಕ ಸುಮಾರು 11. ಶೇಕಡಾ 42ರಷ್ಟು ಬರೀ ನೀರು! ಒಂದು ಲೀಟರ್ ನೀರಿನಲ್ಲಿ ಒಂದು ಕೆ.ಜಿ.ಗೂ ಹೆಚ್ಚು ಹರಳು ಕರಗುತ್ತದೆ.

ಚೀಲದ ಮೇಲೆ ‘ಮೆಗ್ನೀಸಿಯಂ ಆಕ್ಸೈಡ್ 16’ ಎಂದು ಬರೆದಿದ್ದರೆ ಅದನ್ನು ಶೇಕಡಾ 16 ಮೆಗ್ನೀಸಿಯಂ ಎಂದು ತಿಳಿಯಬಾರದು. ಆಕ್ಸೈಡಿನ ಅಂಕಿಯನ್ನು 0.6ರಿಂದ ಗುಣಿಸಿದರೆ ನಿಜವಾದ ಮೆಗ್ನೀಸಿಯಂ ಸಿಗುತ್ತದೆ. 16 ಎಂದರೆ ಸುಮಾರು 9.6. ಮೆಗ್ನೀಸಿಯಂ ಸಲ್ಫೇಟಿನಲ್ಲಿಯೂ ಹೆಚ್ಚುಕಡಿಮೆ ಇಷ್ಟೇ ಇದೆ, ಜೊತೆಗೆ ಗಂಧಕ ಬರುತ್ತದೆ, ಬೆಲೆಯೂ ಸಾಮಾನ್ಯವಾಗಿ ಕಡಿಮೆ.

ಎಲೆಯ ಹಸಿರಿಗೆ ಕಾರಣವಾದ ಪತ್ರಹರಿತ್ತಿನ ಪ್ರತಿ ಅಣುವಿನ ನಡುವೆ ಒಂದು ಮೆಗ್ನೀಸಿಯಂ ಪರಮಾಣು ಕುಳಿತಿರುತ್ತದೆ. ಅದು ಸಾಲದೆ ಹೋದರೆ ಎಲೆ ಆಹಾರ ತಯಾರಿಸಲಾರದು.

ಎರಡು ಮಣ್ಣು, ಒಂದೇ ನೀರು

ಬಾಬಾಬುಡನ್ ಗಿರಿಯಲ್ಲಿ ಹುಟ್ಟುವ ವೇದಾ ಮತ್ತು ಅವತಿ ಕೂಡಿ ವೇದಾವತಿಯಾಗುತ್ತದೆ. ಅದು ಮಾರಿಕಣಿವೆಯನ್ನು ದಾಟಿ, ಬಳ್ಳಾರಿ ಸೀಮೆಯಲ್ಲಿ ಹಗರಿ ಎಂಬ ಹೆಸರಿನಿಂದ ಹರಿದು, ಸಿರುಗುಪ್ಪದ ಸಮೀಪ ತುಂಗಭದ್ರೆಯನ್ನು ಸೇರುತ್ತದೆ. ತುಂಗಾ, ಭದ್ರಾ ಕಣಿವೆಗಳ ನೀರೂ ಕೂಡ್ಲಿಯಲ್ಲಿ ಒಂದಾಗಿ, 1953ರಲ್ಲಿ ನೀರು ನಿಂತ ತುಂಗಭದ್ರಾ ಜಲಾಶಯದ ಮೂಲಕ ಆ ಕಡೆಯ ಗದ್ದೆಗಳಿಗೆ ಹೋಗುತ್ತದೆ. ನೀರಿನೊಂದಿಗೆ ನಮ್ಮ ತೋಟಗಳ ಸುಣ್ಣ, ಮೆಗ್ನೀಸಿಯಂಗಳೂ ಕರಗಿ ಹೋಗುತ್ತವೆ.

ಮಲೆನಾಡಿನಲ್ಲಿ 2,000 ಮಿ.ಮೀ.ಗೂ ಮೀರಿ ಮಳೆ ಬೀಳುವ ಕಡೆಗಳಲ್ಲಿ ಮಣ್ಣು ತೊಳೆದು ತೊಳೆದು ಹುಳಿಯಾಗಿದೆ. ಬಳ್ಳಾರಿಯಲ್ಲಿ ಬೀಳುವುದು ಸುಮಾರು 500 ಮಿ.ಮೀ. ಮಾತ್ರ. ಅಲ್ಲಿಯ ಕಪ್ಪು ಎರೆ ಭೂಮಿಯಲ್ಲಿ ಸುಣ್ಣದ ಹರಳುಗಳು ಉಳಿದುಕೊಂಡಿವೆ, ರಸಸಾರ ಸಾಮಾನ್ಯವಾಗಿ 8ರ ಮೇಲಿರುತ್ತದೆ.

ಪರಿಹಾರ ಬೇರೆ ಬೇರೆಯಾಗುವುದು ಇದರಿಂದಲೇ. ಡಾಲಮೈಟ್ ಸುಣ್ಣ ಕರಗಲು ಮಣ್ಣಿನಲ್ಲಿ ಹುಳಿ ಬೇಕು. ಎರೆ ಭೂಮಿಯಲ್ಲಿ ಅದು ಕಲ್ಲಾಗಿಯೇ ಉಳಿಯುತ್ತದೆ. ಆದುದರಿಂದ ಅಲ್ಲಿಯ ಹತ್ತಿಯ ಎಲೆ ಮೆಗ್ನೀಸಿಯಂ ಕೊರತೆಯಿಂದ ಕೆಂಪಾದಾಗ ಕರಗುವ ಲವಣವನ್ನು ಎಲೆಗೆ ಸಿಂಪಡಿಸುವುದು ಸರಿಯಾದ ದಾರಿ. ನಮ್ಮ ಹುಳಿ ಮಣ್ಣಿನಲ್ಲಾದರೋ ಡಾಲಮೈಟ್ ನಿಧಾನವಾಗಿ ಕರಗಿ, ಹುಳಿಯನ್ನೂ ತಗ್ಗಿಸಿ, ಸುಣ್ಣ ಮೆಗ್ನೀಸಿಯಂ ಎರಡನ್ನೂ ಒದಗಿಸುತ್ತದೆ. ಶುದ್ಧ ಡಾಲಮೈಟಿನಲ್ಲಿ ಮೆಗ್ನೀಸಿಯಂ ಶೇಕಡಾ 13ರಷ್ಟಿದೆ, ಬೆಲೆಯೋ ನೈಟ್ರೇಟಿಗಿಂತ ಬಹಳ ಕಡಿಮೆ.

ಮುಂಗಾರಿನ ಮುಂದೆ ಮೆಗ್ನೀಸಿಯಂ ನೈಟ್ರೇಟನ್ನು ಬುಡಕ್ಕೆ ಸುರಿಯುವುದಂತೂ ಹಣವನ್ನು ಹೊಳೆಗೆ ಹಾಕಿದಂತೆ. ನೈಟ್ರೇಟ್ ಮಣ್ಣಿಗೆ ಅಂಟಿಕೊಳ್ಳದು. ಮಳೆನೀರಿನೊಂದಿಗೆ ಇಳಿದು ಹೋಗುವಾಗ ತನ್ನ ಜೊತೆಗೆ ಸುಣ್ಣವನ್ನೂ ಮೆಗ್ನೀಸಿಯಂ ಅನ್ನೂ ಎಳೆದುಕೊಂಡು ಹೋಗುತ್ತದೆ.

ಹಳದಿಯನ್ನು ಗುರುತಿಸುವುದು

ಮೆಗ್ನೀಸಿಯಂ ಗಿಡದೊಳಗೆ ಓಡಾಡುವ ವಸ್ತು. ಕೊರತೆ ಬಂದಾಗ ಗಿಡವು ಅದನ್ನು ಹಳೆಯ ಎಲೆಯಿಂದ ತೆಗೆದು ಚಿಗುರಿಗೆ ಕೊಡುತ್ತದೆ. ಆದುದರಿಂದ ಹಳೆಯ ಎಲೆಗಳು ಮೊದಲು ಹಳದಿಯಾಗುತ್ತವೆ. ನರಗಳು ಹಸಿರಾಗಿಯೇ ಉಳಿದು, ನರಗಳ ನಡುವಿನ ಭಾಗ ಬಣ್ಣಗೆಡುತ್ತದೆ. ಕಾಫಿಯಲ್ಲಿ ಫಸಲು ಹೊತ್ತ ರೆಕ್ಕೆಗಳ ಹಳೆಯ ಎಲೆಗಳಲ್ಲಿ ಇದನ್ನು ಕಾಣಬಹುದು.

ಚಿಗುರೆಲೆಯೇ ಮೊದಲು ಹಳದಿಯಾಗಿ ನರಗಳು ಮಾತ್ರ ಹಸಿರಾಗಿದ್ದರೆ ಅದು ಹೆಚ್ಚಾಗಿ ಕಬ್ಬಿಣದ ಕೊರತೆ. ಬಳ್ಳಾರಿಯಂಥ ಸುಣ್ಣದ ಭೂಮಿಯಲ್ಲಿ ಇದು ಸಾಮಾನ್ಯ. ಅದಕ್ಕೆ ಬೇಕಾದದ್ದು ಅನ್ನಭೇದಿಯ ಸಿಂಪಡಣೆ, ಮೆಗ್ನೀಸಿಯಂ ಅಲ್ಲ.

ಮೂರನೆಯದು ಅಡಿಕೆಯ ಹಳದಿ ಎಲೆ ರೋಗ. ಇದು ಫೈಟೊಪ್ಲಾಸ್ಮಾ ಎಂಬ ಸೂಕ್ಷ್ಮಜೀವಿಯಿಂದ ಬರುವ ರೋಗ, ಜಿಗಿಹುಳುವಿನ ಮೂಲಕ ಹರಡುತ್ತದೆ. ಕೊಪ್ಪ, ಶೃಂಗೇರಿ, ಸುಳ್ಯ ಸೀಮೆಯ ಅನೇಕ ತೋಟಗಳನ್ನು ಇದು ಹಾಳುಮಾಡಿದೆ. ಹೊರಸುತ್ತಿನ ಸೋಗೆಗಳ ಗರಿಗಳು ತುದಿಯಿಂದ ಹಳದಿಯಾಗುತ್ತವೆ, ಬೇರಿನ ತುದಿ ಕಪ್ಪಾಗಿ ಕೊಳೆಯುತ್ತದೆ, ಅಡಿಕೆಯ ಒಳಗು ಮೆತ್ತಗಾಗಿ ಕಂದುಗಟ್ಟುತ್ತದೆ. ಯಾವ ಮೆಗ್ನೀಸಿಯಂ ಲವಣವೂ ಈ ರೋಗವನ್ನು ವಾಸಿ ಮಾಡದು. ವಾಸಿ ಮಾಡುತ್ತದೆಂದು ಯಾರಾದರೂ ಹೇಳಿದರೆ ನಂಬಬೇಡಿ. ಪೋಷಣೆ ಸರಿಯಿದ್ದರೆ ಮರ ತುಸು ತಾಳಿಕೊಳ್ಳಬಹುದು, ಅಷ್ಟೇ.

ಪೊಟ್ಯಾಷ್ ಮಿತಿಮೀರಿದರೆ ಬೇರು ಮೆಗ್ನೀಸಿಯಂ ಹೀರುವುದು ಕುಗ್ಗುತ್ತದೆ ಎಂಬುದನ್ನೂ ನೆನಪಿಡಬೇಕು. ಅಡಿಕೆ ಮರವೊಂದಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್ ಎಂಬ ಶಿಫಾರಸಿದೆ. ಅದಕ್ಕೂ ಮೀರಿ ಪೊಟ್ಯಾಷ್ ಸುರಿದು, ಬಂದ ಹಳದಿಗೆ ಮತ್ತೊಂದು ಚೀಲ ಕೊಳ್ಳುವುದು ಎರಡು ಬಾರಿ ನಷ್ಟ.

ಎಲ್ಲಿ ಉಪಯೋಗ, ಹೇಗೆ ಉಪಯೋಗ

ಹಾಗಾದರೆ ನಮಗೆ ಮೆಗ್ನೀಸಿಯಂ ನೈಟ್ರೇಟ್ ಬೇಡವೇ? ಬೇಕಾಗುವ ಸಂದರ್ಭಗಳಿವೆ. ಕೊರತೆ ಖಚಿತವಾಗಿ, ಡಾಲಮೈಟ್ ಕರಗುವವರೆಗೆ ಕಾಯಲಾಗದಿದ್ದಾಗ ಸಿಂಪಡಿಸಬಹುದು. ಕಾಫಿ ಗಿಡಕ್ಕೂ ನರ್ಸರಿಯ ಸಸಿಗಳಿಗೂ ಲೀಟರಿಗೆ 5 ಗ್ರಾಂ, ಅಂದರೆ 200 ಲೀಟರಿನ ಡ್ರಮ್ಮಿಗೆ ಒಂದು ಕೆ.ಜಿ. ಬಿಸಿಲೇರುವ ಮೊದಲು ಅಥವಾ ಸಂಜೆ, ಎಲೆಯ ತಳಭಾಗಕ್ಕೂ ತಾಗುವಂತೆ ಹೊಡೆಯಿರಿ.

ಹನಿ ನೀರಾವರಿಯಲ್ಲಿ ಇದಕ್ಕೊಂದು ವಿಶೇಷವಿದೆ. ಮೆಗ್ನೀಸಿಯಂ ಸಲ್ಫೇಟನ್ನು ಕ್ಯಾಲ್ಸಿಯಂ ನೈಟ್ರೇಟಿನ ಗಟ್ಟಿ ದ್ರಾವಣದೊಂದಿಗೆ ಬೆರೆಸಿದರೆ ಜಿಪ್ಸಂ ಗಷ್ಟು ಕಟ್ಟಿ ನಳಿಗೆ ಮುಚ್ಚಿಹೋಗುತ್ತದೆ. ಮೆಗ್ನೀಸಿಯಂ ನೈಟ್ರೇಟ್ ಬೆರೆಸಿದರೆ ಆ ತೊಂದರೆಯಿಲ್ಲ. ಆದರೆ ರಂಜಕದ ಗೊಬ್ಬರದೊಂದಿಗೆ ಇದನ್ನೂ ಬೆರೆಸಬಾರದು. ಬೋರ್ಡೋ ದ್ರಾವಣಕ್ಕೂ ಸೇರಿಸಬೇಡಿ. ಕೊಳೆರೋಗದ ಔಷಧಿ ಬೇರೆ, ಇದು ಬೇರೆ.

ದಾಸ್ತಾನಿನಲ್ಲಿ ಎಚ್ಚರ

ಈ ಹರಳು ಗಾಳಿಯ ತೇವ ಹೀರಿ ತಾನೇ ನೀರಾಗುತ್ತದೆ. ಮಳೆಗಾಲದಲ್ಲಿ ಬಾಯಿ ಬಿಚ್ಚಿದ ಚೀಲ ಎರಡು ದಿನ ಉಳಿಯದು. ಬೇಕಾದಷ್ಟೇ ಕೊಂಡು, ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿಡಿ. ಇದು ತಾನಾಗಿ ಉರಿಯದಿದ್ದರೂ ಬೆಂಕಿಗೆ ಆಮ್ಲಜನಕ ಒದಗಿಸುತ್ತದೆ. ಕಾದರೆ ವಿಷದ ಕಂದು ಹೊಗೆ ಬಿಡುತ್ತದೆ. ಡೀಸೆಲ್, ಮರದ ಪುಡಿ, ಒಣ ಸೋಗೆ, ಗೋಣಿಚೀಲಗಳ ಹತ್ತಿರ, ಅಡಿಕೆ ಬೇಯಿಸುವ ಒಲೆಯ ಬಳಿ ಖಂಡಿತ ಇಡಬಾರದು.

ಮೊದಲು ಮಣ್ಣು ಪರೀಕ್ಷೆ ಮಾಡಿಸೋಣ. ಕಾಫಿಯ ಬಗ್ಗೆ 1925ರಿಂದ ಕೆಲಸ ಮಾಡುತ್ತಿರುವ ಬಾಳೆಹೊನ್ನೂರಿನ ಸಂಶೋಧನಾ ಸಂಸ್ಥೆ, ಅಡಿಕೆಯ ಬಗ್ಗೆ ವಿಟ್ಲದ ಸಂಶೋಧನಾ ಕೇಂದ್ರ ನಮ್ಮ ಸೀಮೆಯಲ್ಲೇ ಇವೆ. ರಸಸಾರ ಕಡಿಮೆಯಿದ್ದು ಮೆಗ್ನೀಸಿಯಂ ಸಾಲದಿದ್ದರೆ, ಪರೀಕ್ಷೆ ಹೇಳಿದಷ್ಟು ಡಾಲಮೈಟನ್ನು ಗೊಬ್ಬರಕ್ಕೆ ಎರಡು ಮೂರು ವಾರ ಮುಂಚೆ ಹಾಕೋಣ. ನೈಟ್ರೇಟ್ ಅವಸರಕ್ಕೆ ಇರಲಿ. ಎರೆ ಹೊಲದ ಔಷಧಿಯನ್ನು ಕೆಂಪು ಮಣ್ಣಿನ ತೋಟಕ್ಕೆ ತರುವ ಮುನ್ನ, ಹಳದಿಯಾದದ್ದು ಹಳೆಯ ಎಲೆಯೋ ಚಿಗುರೋ ಎಂದು ಒಮ್ಮೆ ತೋಟ ಸುತ್ತಿ ನೋಡಿ ಬನ್ನಿ.