ವೇಷವೂ ವಂಚನೆಯೂ

ನಾನು ಉಪಾಧ್ಯಾಯನಾಗಿದ್ದಾಗ, ಶಾಲೆಯ ನಾಟಕದಲ್ಲಿ ಅರಸನಾಗಿದ್ದ ಬಡಹುಡುಗನೊಬ್ಬನು ಆಟ ಮುಗಿದ ಮೇಲೂ ಕಿರೀಟವನ್ನು ಕಳಚಲೊಲ್ಲದೆ ಅತ್ತನು. ಇರಾನ್ ದೇಶದ ಅಬ್ಬಾಸ್ ಕಿಯರೊಸ್ತಾಮಿಯವರು 1990ರಲ್ಲಿ ಹೊರತಂದ ‘ಕ್ಲೋಸ್‌ಅಪ್’ ಎಂಬ ಚಲಚ್ಚಿತ್ರವನ್ನು ಕಂಡಾಗ ಆ ಹುಡುಗನು ನನ್ನ ಕಣ್ಣ ಮುಂದೆ ನಿಂತನು.

ಕಥೆಯು ಕಲ್ಪಿತವಲ್ಲ. ಟೆಹರಾನ್ ನಗರದಲ್ಲಿ ಸಬ್ಜಿಯಾನ್ ಎಂಬ ಬಡವನಿದ್ದನು. ಚಲಚ್ಚಿತ್ರವೆಂದರೆ ಅವನಿಗೆ ಪ್ರಾಣ. ಒಮ್ಮೆ ಬಸ್ಸಿನಲ್ಲಿ ಅವನು ‘ಸೈಕಲ್ ಸವಾರ’ನೆಂಬ ಚಿತ್ರದ ಕಥಾಪುಸ್ತಕವನ್ನು ಓದುತ್ತಿರಲು, ಪಕ್ಕದ ಗೃಹಿಣಿಯೊಬ್ಬಳು ಅದರ ವಿಷಯವನ್ನು ವಿಚಾರಿಸಿದಳು. ಬರೆದವನು ತಾನೇ ಎಂದುಬಿಟ್ಟನು! ನಿಜವಾದ ಕರ್ತೃವು ಪ್ರಸಿದ್ಧ ನಿರ್ದೇಶಕ ಮೊಹ್ಸೆನ್ ಮಖ್ಮಲ್‌ಬಾಫ್. ಆ ಮನೆಯವರು ಇವನನ್ನು ಆದರದಿಂದ ಸತ್ಕರಿಸಿದರು. ಮುಂದಿನ ಚಿತ್ರವನ್ನು ಅವರ ಮನೆಯಲ್ಲಿಯೇ, ಅವರನ್ನೇ ಪಾತ್ರಧಾರಿಗಳನ್ನಾಗಿ ಮಾಡಿ ತೆಗೆಯುವೆನೆಂದು ನಂಬಿಸಿದನು. ಅಲ್ಪಸ್ವಲ್ಪ ಹಣವನ್ನೂ ಪಡೆದನು. ಕಡೆಗೆ ಗುಟ್ಟು ರಟ್ಟಾಗಿ ಸೆರೆಯಾದನು.

ಪತ್ರಿಕೆಯಲ್ಲಿ ಈ ಸುದ್ದಿಯನ್ನೋದಿದ ಕಿಯರೊಸ್ತಾಮಿಯವರು ನ್ಯಾಯಾಧೀಶರ ಅನುಮತಿಯಿಂದ ವಿಚಾರಣೆಯನ್ನು ಚಿತ್ರಿಸಿಕೊಂಡರು. ಒಂದು ಕ್ಯಾಮೆರಾವನ್ನು ಆರೋಪಿಯ ಮುಖಕ್ಕೇ ಮೀಸಲಿಟ್ಟರು. ತನ್ನನ್ನು ಸೆಳೆದುದು ಕಲೆಯ ಮೇಲಣ ಮೋಹ, ಆ ಹೆಸರಿಗೆ ದೊರೆತ ಮನ್ನಣೆ ಎಂದು ಅವನು ಅಲ್ಲಿ ಹೇಳಿಕೊಳ್ಳುತ್ತಾನೆ. ಮನೆಯವರು ಅವನನ್ನು ಕ್ಷಮಿಸುತ್ತಾರೆ. ಬಸ್ಸಿನ ಭೇಟಿ, ಸೆರೆಯಾದ ದಿನದ ಪ್ರಸಂಗ ಮೊದಲಾದುವನ್ನು ನಿರ್ದೇಶಕರು ಅದೇ ಜನರಿಂದಲೇ ಮತ್ತೆ ಆಡಿಸಿದರು. ಹೀಗೆ ಸಬ್ಜಿಯಾನನು ಸುಳ್ಳಾಗಿ ಕೊಟ್ಟಿದ್ದ ಮಾತು ನಿಜವಾಯಿತು: ಆ ಮನೆಯವರು ತಮ್ಮ ಮನೆಯಲ್ಲಿಯೇ ಚಲಚ್ಚಿತ್ರದ ಪಾತ್ರಧಾರಿಗಳಾದರು!

ನಾಟ್ಯವು ಲೋಕವೃತ್ತದ ಅನುಕರಣವೆಂಬುದು ಭರತಮುನಿಯ ಮತವಷ್ಟೆ. ಇಲ್ಲಿ ಲೋಕವೃತ್ತವೇ ತನ್ನನ್ನು ತಾನು ಅನುಕರಿಸುತ್ತದೆ. ನಿಜವೆಲ್ಲಿ ಮುಗಿದು ನಟನೆಯೆಲ್ಲಿ ಮೊದಲಾಯಿತೆಂದು ಗುರುತಿಸುವುದು ದುಸ್ತರ. ಆದರೂ ಒಂದು ಭೇದವುಂಟು. ಧರಿಸಿದವನೊಬ್ಬನೇ ಬಲ್ಲ ವೇಷವು ವಂಚನೆ. ನೋಡುವವರೂ ಬಲ್ಲ ವೇಷವು ನಾಟ್ಯ. ಮೊದಲ ಸಲ ಅವನು ಪರರ ಹೆಸರಿನ ಮರೆಯಲ್ಲಿ ಆಡಿದನು. ಎರಡನೆಯ ಸಲ ಎಲ್ಲರೂ ಬಲ್ಲಂತೆ ತಾನೇ ತಾನಾಗಿ ಆಡಿದನು. ಅವನು ಹಂಬಲಿಸಿದ್ದ ಮನ್ನಣೆಯು ಆಗಲೇ ಅವನದಾಯಿತು.

ಕೊನೆಯಲ್ಲಿ ನಿಜವಾದ ಮಖ್ಮಲ್‌ಬಾಫರೇ ಬಂದು, ಬಿಡುಗಡೆಯಾದ ಸಬ್ಜಿಯಾನನನ್ನು ಎದುರುಗೊಳ್ಳುತ್ತಾರೆ. ಅವನು ಅಳುತ್ತಾನೆ. ಅವರು ಅವನನ್ನು ಮೋಟಾರುಸೈಕಲ್ಲಿನ ಹಿಂದೆ ಕೂರಿಸಿಕೊಂಡು, ದಾರಿಯಲ್ಲಿ ಹೂವನ್ನು ಕೊಂಡು, ಆ ಮನೆಯ ಬಾಗಿಲಿಗೇ ಕರೆದೊಯ್ಯುತ್ತಾರೆ. ಹೂವನ್ನು ಹಿಡಿದು ತಲೆತಗ್ಗಿಸಿದ ಅವನ ಮುಖದಲ್ಲಿ ಚಿತ್ರವು ಮುಗಿಯುತ್ತದೆ.

ಅಂದು ನಾನು ಆ ಹುಡುಗನನ್ನು ಗದರಿಸಿ ಕಿರೀಟವನ್ನು ಕಿತ್ತುಕೊಂಡಿದ್ದೆನು. ಇನ್ನೊಂದು ಗಳಿಗೆ ಅದು ಅವನ ತಲೆಯ ಮೇಲಿದ್ದಿದ್ದರೆ ಯಾರಿಗೆ ಏನು ನಷ್ಟವಾಗುತ್ತಿತ್ತು?