ಎರಡು ಅಧಿಸೂಚನೆಗಳ ನಡುವಿನ ಊರು

ಬೆಂಗಳೂರಿನ ಉತ್ತರಕ್ಕೆ, ಯಲಹಂಕದ ಆಸುಪಾಸಿನಲ್ಲಿ, ಸೋಮಶೆಟ್ಟಿಹಳ್ಳಿ, ರಾಮಗೊಂಡನಹಳ್ಳಿ, ಮೇಡಿ ಅಗ್ರಹಾರ, ಗಾಣಿಗರಹಳ್ಳಿ ಮೊದಲಾದ ಹದಿನೇಳು ಗ್ರಾಮಗಳಿಗೆ ಸೇರಿದ 3,546 ಎಕರೆ ಭೂಮಿಯನ್ನು ಬಡಾವಣೆಗಾಗಿ ಸ್ವಾಧೀನಪಡಿಸಿಕೊಳ್ಳುವುದಾಗಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರವು ಪ್ರಾಥಮಿಕ ಅಧಿಸೂಚನೆಯನ್ನು ಹೊರಡಿಸಿದ್ದು 2008ರ ಡಿಸೆಂಬರ್ ತಿಂಗಳ ಕಡೆಯಲ್ಲಿ. ಅಂತಿಮ ಅಧಿಸೂಚನೆಯು ಹೊರಟದ್ದು 2018ರ ಅಕ್ಟೋಬರಿನಲ್ಲಿ. ಈ ಎರಡು ಕಾಗದಗಳ ನಡುವೆ ಸಂದುಹೋದ ಹತ್ತು ವರ್ಷಗಳಲ್ಲಿ, ಯಾವ ನಕ್ಷೆಯಲ್ಲಿಯೂ ಇಲ್ಲದ ಬೀದಿಗಳೂ ಮನೆಗಳೂ ಅಂಗಡಿ ಸಾಲುಗಳೂ ಅಲ್ಲಿ ತಾವಾಗಿಯೇ ಎದ್ದು ನಿಂತವು. ಬಡಾವಣೆಗೆ ಇಟ್ಟಿರುವ ಹೆಸರು ಡಾ. ಕೆ. ಶಿವರಾಮ ಕಾರಂತರದು. ಬೇಸಾಯಕ್ಕೊಂದು ತುಂಡು ನೆಲ ದೊರೆಯದೆ ಕೊರಗಿ ಸತ್ತ ಚೋಮನ ಕಥೆಯನ್ನು ಬರೆದವರ ಹೆಸರನ್ನು, ಬೇಸಾಯಗಾರರ ಹೊಲಗಳನ್ನೇ ತೆಗೆದುಕೊಂಡು ಮಾಡತಕ್ಕ ಬಡಾವಣೆಗೆ ಇಟ್ಟವರು ಆ ಕಾದಂಬರಿಯನ್ನು ಓದಿದ್ದರೋ ಇಲ್ಲವೋ!

ಎಲ್ಲಿ ಮನೆ ಕಟ್ಟಬಹುದು, ಎಲ್ಲಿ ಕೂಡದು ಎಂಬ ತೀರ್ಮಾನವನ್ನು ಮಾಡುವುದು ಯೋಜನಾ ನಕ್ಷೆಯೆಂದು ಶಾಸನ ಹೇಳುತ್ತದೆ. ನನಗೆ ತೋರುವ ಮಟ್ಟಿಗೆ, ಬೆಂಗಳೂರಿನ ಹೊರವಲಯಗಳ ರೂಪವನ್ನು ನಿಶ್ಚಯಿಸಿರುವುದು ತೀರ್ಮಾನಗಳಿಗಿಂತಲೂ ಹೆಚ್ಚಾಗಿ, ಒಂದು ತೀರ್ಮಾನವು ಹೊರಟದ್ದಕ್ಕೂ ಅದು ನೆಲದ ಮೇಲೆ ಜಾರಿಯಾದದ್ದಕ್ಕೂ ನಡುವಣ ವಿಳಂಬ.

ಮೊದಲಿನಿಂದಲೂ ಹೀಗಿರಲಿಲ್ಲ. 1892ರಲ್ಲಿ ಚಾಮರಾಜಪೇಟೆಯನ್ನು ರಚಿಸುವಾಗಲಾಗಲಿ, 1898ರ ಪ್ಲೇಗಿನ ತರುವಾಯ ಬಸವನಗುಡಿ ಮಲ್ಲೇಶ್ವರಗಳನ್ನು ವಿಸ್ತರಿಸುವಾಗಲಾಗಲಿ, ಗೆರೆ ಮೊದಲು ಬಿತ್ತು, ಗೋಡೆ ಆಮೇಲೆ ಎದ್ದಿತು. ಗಾಳಿ ಬೆಳಕುಗಳು ಆಡುವಂತೆ ನೇರವಾದ ರಸ್ತೆಗಳನ್ನೂ ಮನೆಗಳ ಹಿಂದೆ ಕನ್ಸರ್ವೆನ್ಸಿ ಓಣಿಗಳನ್ನೂ ಗುರುತಿಸಿದ ಮೇಲೆಯೇ ನಿವೇಶನಗಳನ್ನು ಹಂಚಲಾಯಿತು. 1945ರಲ್ಲಿ ಹುಟ್ಟಿದ ನಗರ ಸುಧಾರಣಾ ಮಂಡಳಿಯು ಜಯನಗರವನ್ನು ರೂಪಿಸಿದ್ದೂ ಇದೇ ಕ್ರಮದಲ್ಲಿ. ಆದರೆ ಸ್ವಾತಂತ್ರ್ಯಾನಂತರ ಕಾರ್ಖಾನೆಗಳೂ ಕಚೇರಿಗಳೂ ಬೆಳೆದ ವೇಗಕ್ಕೆ ಮಂಡಳಿಯ ನಡಿಗೆ ಸಾಲದಾಯಿತು. 1961ರಲ್ಲಿ ನಗರ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮ ಬಂದಿತು. 1976ರಲ್ಲಿ ಮಂಡಳಿಯ ಸ್ಥಾನದಲ್ಲಿ ಪ್ರಾಧಿಕಾರ ಕುಳಿತಿತು. 1984ರಲ್ಲಿ ಸಮಗ್ರ ಅಭಿವೃದ್ಧಿ ಯೋಜನೆಗೆ ಅಂಗೀಕಾರ ದೊರೆಯಿತು. ವಾಸಕ್ಕೆ ಹಳದಿ, ವಾಣಿಜ್ಯಕ್ಕೆ ನೀಲಿ, ಕೈಗಾರಿಕೆಗೆ ನೇರಳೆ ಬಣ್ಣಗಳನ್ನು ಬಳಿದು, ಊರಿನ ಸುತ್ತಲೂ ವ್ಯವಸಾಯಕ್ಕಾಗಿ ಹಸಿರು ಪಟ್ಟಿಯೊಂದನ್ನು ಉಳಿಸಿಕೊಳ್ಳುವುದು ಇಂಥ ನಕ್ಷೆಗಳ ಸಂಪ್ರದಾಯ. ಹಳದಿಯನ್ನು ಇಷ್ಟಕ್ಕೇ ನಿಲ್ಲಿಸಿದರೆ ಜನರೂ ಅಷ್ಟಕ್ಕೇ ನಿಲ್ಲುವರೆಂಬ ಭರವಸೆಯೊಂದು ಆ ಸಂಪ್ರದಾಯದ ಬುಡದಲ್ಲಿತ್ತು.

ಜನ ನಿಲ್ಲಲಿಲ್ಲ. ಪ್ರಾಧಿಕಾರದ ನಿವೇಶನಕ್ಕೆ ಅರ್ಜಿ ಹಾಕಿದವನು ವರ್ಷಗಟ್ಟಲೆ ಕಾಯಬೇಕಾಗಿದ್ದಾಗ, ಹಸಿರು ಪಟ್ಟಿಯಲ್ಲಿ ಎರಡು ಎಕರೆ ರಾಗಿ ಹೊಲವುಳ್ಳ ರೈತನು, ಭೂಕಂದಾಯ ಅಧಿನಿಯಮದ 95ನೆಯ ಪ್ರಕರಣದಂತೆ ಜಿಲ್ಲಾಧಿಕಾರಿಯಿಂದ ಭೂಪರಿವರ್ತನೆ ದೊರೆಯದೆಂದು ತಿಳಿದು, ಹೊಲವನ್ನು ಗುಂಟೆಗಳ ಲೆಕ್ಕದಲ್ಲಿ ಬಿಡಿಸಿ ಮಾರತೊಡಗಿದನು. ನಡುವೆ ಒಬ್ಬ ದಲ್ಲಾಳಿ, ಸುಣ್ಣ ಬಳಿದ ಮೂಲೆಗಲ್ಲುಗಳು, ಜೆಸಿಬಿ ಕೆರೆದುಹೋದ ಕೆಮ್ಮಣ್ಣಿನ ದಾರಿ, ಬೋರ್‌ವೆಲ್ ಒಂದು, ಛಾಪಾ ಕಾಗದದ ಮೇಲೆ ಕರಾರುಪತ್ರ ಮತ್ತು ಜಿಪಿಎ ಎಂಬ ಅಧಿಕಾರಪತ್ರ. ಪಹಣಿಯಲ್ಲಿ ಬೆಳೆಯ ಹೆಸರು ರಾಗಿಯೆಂದೇ ಇರುತ್ತದೆ, ಹೊಲದಲ್ಲಿ ಆರ್‌ಸಿಸಿ ಕಂಬಗಳು ಏಳುತ್ತವೆ. ರೆವಿನ್ಯೂ ಸೈಟು ಎಂದು ಎಲ್ಲರ ಬಾಯಲ್ಲಿಯೂ ಇರುವ ವಸ್ತು ಇದೇ.

ಇದರ ಗಣಿತವನ್ನು ಸ್ವಲ್ಪ ನೋಡಬೇಕು. ಪ್ರಾಧಿಕಾರವು ಮಾಡುವ ಬಡಾವಣೆಯಲ್ಲಿ ನೂರಕ್ಕೆ 15 ಪಾಲಿಗೆ ಕಡಮೆಯಿಲ್ಲದಂತೆ ಉದ್ಯಾನ, ಆಟದ ಮೈದಾನಗಳಿಗೂ, ಮತ್ತೆ 10 ಪಾಲು ಶಾಲೆ, ಆಸ್ಪತ್ರೆ ಮೊದಲಾದ ಸೌಕರ್ಯಗಳಿಗೂ ಬಿಡತಕ್ಕದ್ದೆಂದು ಅದರ ಅಧಿನಿಯಮವೇ ವಿಧಿಸಿದೆ. ರಸ್ತೆಗಳನ್ನೂ ಕಳೆದರೆ ಸೈಟುಗಳಿಗೆ ಉಳಿಯುವುದು ಅರ್ಧಕ್ಕಿಂತ ತುಸು ಹೆಚ್ಚು. 43,560 ಚದರಡಿಯ ಒಂದು ಎಕರೆಯಲ್ಲಿ ಮೂವತ್ತು ನಲವತ್ತರ ಸೈಟುಗಳು ಹೀಗೆ ಇಪ್ಪತ್ತರ ಸುಮಾರು ಆಗುತ್ತವೆ. ಉದ್ಯಾನವನ್ನೂ ಶಾಲೆಯನ್ನೂ ಬಿಡದೆ, ರಸ್ತೆಯನ್ನು ಇಪ್ಪತ್ತು ಅಡಿಗೆ ಇಳಿಸಿದರೆ ಅದೇ ಎಕರೆ ಏಳೆಂಟು ಸೈಟುಗಳನ್ನು ಹೆಚ್ಚಾಗಿ ಕೊಡುತ್ತದೆ. ದರ ಕಡಮೆಯಾದುದರ ಗುಟ್ಟು ಇಲ್ಲಿಯೇ ಇರುವುದು: ಕೊಳ್ಳುವವನಿಗೆ ಅಗ್ಗವಾಗಿ ದೊರೆತದ್ದು ಅವನ ಮಕ್ಕಳು ಆಡಬೇಕಾಗಿದ್ದ ಮೈದಾನದ ತುಂಡು. ಕೊಂಡವನನ್ನು ದೂರುವ ಮನಸ್ಸು ನನಗಿಲ್ಲ. ತಿಂಗಳ ಸಂಬಳದವನು ಚೀಟಿ ಎತ್ತಿ, ಹೆಂಡತಿಯ ಒಡವೆ ಅಡವಿಟ್ಟು, ಬಾಡಿಗೆಯ ಕಾಟ ತಪ್ಪಲೆಂದು ಕೊಂಡ ನೆಲದ ಬಣ್ಣವನ್ನು ನಕ್ಷೆಯಲ್ಲಿ ಹುಡುಕುತ್ತಾ ಹೋಗುವನೆಂದು ನಿರೀಕ್ಷಿಸುವುದು ಕಚೇರಿಯ ನೆರಳಿನಲ್ಲಿ ಕುಳಿತವರಿಗೆ ಮಾತ್ರ ಸಾಧ್ಯ.

ಇನ್ನು ಗೆರೆಯನ್ನು ಎಳೆದವರೇ ಅದನ್ನು ಅಳಿಸಹೊರಟದ್ದೂ ಉಂಟು. ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಉದ್ಯಾನಕ್ಕೆಂದು ಮೀಸಲಾಗಿದ್ದ ಜಾಗವನ್ನು ಖಾಸಗಿ ಆಸ್ಪತ್ರೆಗೆ ಕೊಟ್ಟುದನ್ನು ನೆರೆಹೊರೆಯವರು ನ್ಯಾಯಾಲಯಕ್ಕೆ ಒಯ್ದು, 1991ರಲ್ಲಿ ಸರ್ವೋಚ್ಚ ನ್ಯಾಯಾಲಯದವರೆಗೂ ಗೆದ್ದರು. ಅದು ಉಳ್ಳವರ ಬಡಾವಣೆ, ಗೆರೆ ಅಲ್ಲಿ ಮೊದಲೇ ಬಿದ್ದಿತ್ತು. ಯಲಹಂಕದ ಸೆರಗಿನ ಹಳ್ಳಿಗಳಲ್ಲಿ ಕಾಪಾಡಿಕೊಳ್ಳುವುದಕ್ಕೆ ಗೆರೆಯೇ ಇನ್ನೂ ಬಿದ್ದಿರಲಿಲ್ಲ.

ಅಲ್ಲಿ ನಡೆದದ್ದೇನೆಂದರೆ, 2008ರ ಅಧಿಸೂಚನೆಯ ಮೇಲೆ ಆಕ್ಷೇಪಣೆಗಳು ಬಂದವು, ನಡುವೆ 257 ಎಕರೆಯಷ್ಟನ್ನು ಯೋಜನೆಯಿಂದ ಕೈಬಿಡುವ ಆಟವೂ ಆಯಿತು, ವ್ಯಾಜ್ಯಗಳು ಬೆಳೆದವು. ಸಕಾಲದಲ್ಲಿ ಅಂತಿಮ ಅಧಿಸೂಚನೆ ಹೊರಡದ ಕಾರಣ ಯೋಜನೆಯೇ ಲಯವಾಯಿತೆಂದು 2014ರಲ್ಲಿ ಉಚ್ಚ ನ್ಯಾಯಾಲಯ ಹೇಳಿತು. ಇನ್ನೇನು, ಭೂಮಿ ಬಿಡುಗಡೆಯಾಯಿತೆಂದು ತಿಳಿದವರು ಧೈರ್ಯದಿಂದ ತಳಪಾಯ ತೋಡಿದರು. 2018ರ ಆಗಸ್ಟ್ 3ರಂದು ಸರ್ವೋಚ್ಚ ನ್ಯಾಯಾಲಯವು ಆ ತೀರ್ಪನ್ನು ತಳ್ಳಿಹಾಕಿ, ಬಡಾವಣೆಯನ್ನು ಮುಂದುವರಿಸಬೇಕೆಂದು ಆಜ್ಞಾಪಿಸಿತು. ಆಗ ಅಲ್ಲಿ ಇದ್ದದ್ದು ಬರಿಯ ಹೊಲವಲ್ಲ. ಗೃಹಪ್ರವೇಶದ ಮಾವಿನ ತೋರಣ ಒಣಗಿ ನೇತಾಡುತ್ತಿದ್ದ ಮನೆಗಳು. ಇವುಗಳಲ್ಲಿ ಯಾವುವನ್ನು ಉಳಿಸಬೇಕೆಂದು ಪರಿಶೀಲಿಸಲು 2020ರ ಡಿಸೆಂಬರಿನಲ್ಲಿ ನಿವೃತ್ತ ನ್ಯಾಯಮೂರ್ತಿ ಎ. ವಿ. ಚಂದ್ರಶೇಖರ ಅವರ ನೇತೃತ್ವದಲ್ಲಿ ಸಮಿತಿಯೊಂದನ್ನು ನ್ಯಾಯಾಲಯವೇ ನೇಮಿಸಬೇಕಾಯಿತು. ಸಮಿತಿಯ ಮುಂದಿದ್ದ ಮುಖ್ಯ ಅಳತೆಗೋಲು ಆ ತೀರ್ಪಿನ ದಿನಾಂಕವೇ: 2018ರ ಆಗಸ್ಟ್ 3ಕ್ಕೆ ಮೊದಲು ಕಟ್ಟಿದ ಮನೆಯ ಸಕ್ರಮಕ್ಕೆ ದಾರಿ ಉಂಟು, ಅನಂತರದ್ದಕ್ಕಿಲ್ಲ. ನೆಲದ ಮೇಲೆ ಎಳೆಯಬೇಕಾಗಿದ್ದ ಗೆರೆಯನ್ನು ಕಡೆಗೆ ಪಂಚಾಂಗದ ಮೇಲೆ ಎಳೆದಂತಾಯಿತು. ಮನೆಯ ಮಾಲೀಕನಿಗೆ ನಿವೇಶನದ ಚೆಕ್ಕುಬಂದಿಗಿಂತ ತಾರೀಖೇ ಮುಖ್ಯವಾಗಿ, ಹಳೆಯ ವಿದ್ಯುತ್ ಬಿಲ್ಲು, ಕಂದಾಯದ ರಸೀದಿಗಳನ್ನು ಟ್ರಂಕಿನಿಂದ ತೆಗೆದು ಅರ್ಜಿಗೆ ಲಗತ್ತಿಸುವ ಕಾಲ ಬಂದಿತು.

ತಾರೀಖಿನ ಗೆರೆ ಇದೊಂದೇ ಅಲ್ಲ. 2007ರಲ್ಲಿ ಏಳು ನಗರಸಭೆಗಳನ್ನೂ ಕೆಂಗೇರಿ ಪುರಸಭೆಯನ್ನೂ 110 ಹಳ್ಳಿಗಳನ್ನೂ ಸೇರಿಸಿಕೊಂಡು ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯಾದಾಗ, ನಿಯಮಕ್ಕೊಳಪಡದ ಆಸ್ತಿಗಳಿಂದಲೂ ತೆರಿಗೆ ವಸೂಲಿಯಾಗಬೇಕಲ್ಲವೇ ಎಂದು ಬಿ ವಹಿಯೊಂದು ಬೆಳೆಯಿತು. ತೆರಿಗೆ ಕಟ್ಟಿಸಿಕೊಂಡೂ ಹಕ್ಕನ್ನು ಒಪ್ಪದ ಈ ಬಿ ಖಾತಾ ಜಗತ್ತಿನ ಕಂದಾಯ ಶಾಸ್ತ್ರಕ್ಕೆ ನಮ್ಮ ಕಾಣಿಕೆಯೆಂದರೆ ತಪ್ಪಾಗಲಾರದು. ಇಂಥ ಆಸ್ತಿಗಳನ್ನು ಸಕ್ರಮಗೊಳಿಸಹೊರಟ ಅಕ್ರಮ ಸಕ್ರಮ ಯೋಜನೆಯು 2013ರ ಅಕ್ಟೋಬರ್ 19ನ್ನು ಗಡಿಯಾಗಿ ಹಿಡಿದಿತ್ತು. 2017ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಅದಕ್ಕೆ ತಡೆ ನೀಡಿತು. 2025ರಲ್ಲಿ ಬಿ ಖಾತೆಗಳನ್ನು ನಿಯಮಬದ್ಧ ಆಸ್ತಿಗಳ ಎ ಖಾತೆಗೆ ಏರಿಸುವ ಹೊಸ ಕ್ರಮವನ್ನು ಸರ್ಕಾರ ಕೈಗೊಂಡಿತು.

ವಿಳಂಬದ ಕಥೆ ಬಡಾವಣೆಗಳಿಗಷ್ಟೇ ಸೇರಿದ್ದಲ್ಲ. ನಗರದ ಹೊರ ಅಂಚಿನಲ್ಲಿ ಪೆರಿಫೆರಲ್ ರಿಂಗ್ ರಸ್ತೆಗೆ ಪ್ರಾಥಮಿಕ ಅಧಿಸೂಚನೆ ಹೊರಟದ್ದು 2005ರಲ್ಲಿ, ಅಂತಿಮ ಅಧಿಸೂಚನೆ 2007ರಲ್ಲಿ. ಎರಡನೆಯ ಕಾಗದವೂ ಬಂದ ಮೇಲೆ ಪರಿಹಾರಕ್ಕಾಗಿ ವರ್ಷಗಟ್ಟಲೆ ಕಾದ ಭೂಮಾಲೀಕರು, ಹೊಲವನ್ನು ಮಾರುವಂತಿಲ್ಲದೆ, ಮನೆ ಕಟ್ಟಲು ಪರವಾನಗಿಯೂ ಸಿಗದೆ, ಹತ್ತಿರದ ಸರ್ವೆ ನಂಬರುಗಳಲ್ಲಿ ರೆವಿನ್ಯೂ ಸೈಟುಗಳು ಏಳುವುದನ್ನು ನೋಡುತ್ತಾ ಕುಳಿತರು. ಈಚೆಗೆ ಆ ರಸ್ತೆಗೆ ಬೆಂಗಳೂರು ಬಿಸಿನೆಸ್ ಕಾರಿಡಾರ್ ಎಂಬ ಹೊಸ ಹೆಸರನ್ನು ಇಟ್ಟಿದ್ದಾರೆ.