ಮೂಟೆ ಬೇಡ, ವಿಳಾಸ ಸಾಕು; ಆದ್ರೆ ಬೀಗದಕೈ ಯಾರ ಹತ್ರ?

ತಿಂಗಳ 20ನೇ ತಾರೀಕು ಹತ್ತಿರ ಬಂತೆಂದರೆ ಆಡಿಟರ್ ಆಫೀಸುಗಳಲ್ಲಿ ಜಿಎಸ್‌ಟಿ ಗಡಿಬಿಡಿ. ಕಿರಾಣಿ ಅಂಗಡಿಯ ಬಿಲ್ಲು, ಜವಳಿ ಅಂಗಡಿಯ ಸ್ಟಾಕು, ಮಾಲೀಕರ ಪ್ಯಾನ್ ನಂಬರು, ಬ್ಯಾಂಕ್ ಪಾಸ್‌ಬುಕ್ಕಿನ ನಕಲು, ಎಲ್ಲ ಒಂದೇ ಸರ್ವರಿನ ಹೊಟ್ಟೆಯಲ್ಲಿ. ಅದರಲ್ಲೊಂದು ಫೈಲನ್ನು ಒಬ್ಬ ಗುಮಾಸ್ತ ಇ-ಮೇಲಿಗೆ ಅಂಟಿಸಿ ಇನ್ನೊಬ್ಬನಿಗೆ ಕಳಿಸುತ್ತಾನೆ. ಅವನು ತಿದ್ದಿ ಮೂರನೆಯವನಿಗೆ ದಾಟಿಸುತ್ತಾನೆ. ಸಂಜೆಯ ಹೊತ್ತಿಗೆ ಒಂದೇ ಲೆಕ್ಕಕ್ಕೆ ಐದು ನಕಲು. ಯಾವುದಪ್ಪಾ ಸರಿ ಎಂದು ಸಾಹೇಬರು ಕೇಳಿದರೆ ಎಲ್ಲರೂ ಫ್ಯಾನು ನೋಡುತ್ತಾರೆ!

ಇದಕ್ಕೆ ಮದ್ದಿದೆ. ಮೂಟೆಯನ್ನೇ ಹೊತ್ತು ಹಾಕೋ ಬದಲು “ಗೋದಾಮಿನ ಮೂರನೇ ಸಾಲಲ್ಲಿದೆ, ನೋಡ್ಕೊಳ್ಳಿ” ಅಂದ ಹಾಗೆ, ಫೈಲು ಇರುವ ಜಾಗದ ಲಿಂಕನ್ನಷ್ಟೇ ಕಳಿಸೋದು. ಮೇಲ್ ತಪ್ಪಿ ಬೇರೆಯವರ ಪಾಲಾದರೂ ಸಿಗೋದು ವಿಳಾಸ ಮಾತ್ರ, ಮಾಲಲ್ಲ.

ವಿಳಾಸ ಬರೆಯೋದರಲ್ಲೂ ಎಡವಟ್ಟಾಗುತ್ತದೆ. “ಝಡ್ ಡ್ರೈವಲ್ಲಿದೆ ಸಾರ್” ಅಂದರೆ ಸಾಲದು. ಒಬ್ಬರ ಝಡ್ ಪಕ್ಕದ ಮೇಜಿನಲ್ಲಿ ವೈ ಆಗಿರಬಹುದು. ಬಸ್‌ಸ್ಟ್ಯಾಂಡ್ ಎದುರಿನ ಅಂಗಡಿ ಅಂದರೆ ಯಾವೂರಿನ ಬಸ್‌ಸ್ಟ್ಯಾಂಡು? ಸರ್ವರಿನ ಹೆಸರಿನಿಂದಲೇ ಶುರುಮಾಡಿ ಪೂರ್ತಿ ದಾರಿ ಕೊಡಬೇಕು. ಫೈಲಿನ ಹೆಸರಿನ ನಡುವೆ ಖಾಲಿ ಜಾಗ ಬಿಟ್ಟರೆ ಲಿಂಕು ಅಲ್ಲಿಗೇ ತುಂಡಾಗುವುದುಂಟು. ಖಾಲಿ ಬಿಡದೆ ಹೆಸರಿಟ್ಟರೆ ಆ ರಗಳೆಯೇ ಇಲ್ಲ.

ಇದು ಅನುಕೂಲದ ಮಾತಾಯಿತು. ಅಪಾಯ ಇರೋದು ಬೇರೆ ಕಡೆ. ಇಂಥ ಲಿಂಕು ಒತ್ತಿದ ಕೂಡಲೇ ವಿಂಡೋಸ್ ಯಂತ್ರ ಆ ಸರ್ವರಿನ ಬಾಗಿಲಿಗೆ ಹೋಗಿ, ಯಾರನ್ನೂ ಕೇಳದೆ, ಬಳಕೆದಾರನ ಹೆಸರನ್ನೂ ಪಾಸ್‌ವರ್ಡಿನಿಂದ ಹುಟ್ಟಿದ ಗುರುತನ್ನೂ ತೋರಿಸಿಬಿಡಬಹುದು. ಬಾಗಿಲು ಕಳ್ಳನದಾದರೆ? ಆ ಗುರುತು ಹಿಡಿದು ಪಾಸ್‌ವರ್ಡ್ ಊಹಿಸಬಹುದು, ಅದನ್ನೇ ಇನ್ನೊಂದು ಬಾಗಿಲಲ್ಲಿ ತೋರಿಸಿ ಒಳನುಗ್ಗಲೂಬಹುದು. 2023ರ ಮಾರ್ಚ್‌ನಲ್ಲಿ ಮೈಕ್ರೋಸಾಫ್ಟ್ ತನ್ನ ಔಟ್‌ಲುಕ್‌ನಲ್ಲಿ ಮುಚ್ಚಿದ್ದು ಇಂಥದೇ ತೂತು. ಅದರಲ್ಲಿ ಲಿಂಕು ಒತ್ತಲೂ ಬೇಕಿರಲಿಲ್ಲ, ಮೋಸದ ಮೇಲ್ ಬಂದು ಬಿದ್ದರೆ ಸಾಕಾಗಿತ್ತು! 2024ರ ಫೆಬ್ರವರಿಯಲ್ಲಿ ಇನ್ನೊಂದಕ್ಕೆ ತೇಪೆ ಬಂತು. ತೇಪೆಯೇನೋ ಪುಕ್ಕಟೆ. ಆದರೆ ಅಪ್‌ಡೇಟ್ ಮಾಡಿ ಎಂದು ಪರದೆ ಗೋಗರೆದಾಗ “ನಾಳೆ ನೋಡೋಣ” ಎನ್ನುವ ಆಫೀಸಿಗೆ ತೇಪೆ ಬಂದರೆಷ್ಟು, ಬಿಟ್ಟರೆಷ್ಟು?

ಕಂಪ್ಯೂಟರ್ ನೋಡಿಕೊಳ್ಳುವವರು ಮಾಡಬೇಕಾದ ಇನ್ನೊಂದು ಕೆಲಸ, 445ನೇ ನಂಬರಿನ ಪೋರ್ಟನ್ನು ಆಫೀಸಿನಿಂದ ಹೊರಗಡೆಗೆ ಮುಚ್ಚೋದು. ಒಳಗಿನ ಫೈಲು ಒಳಗೇ ಓಡಾಡುತ್ತೆ, ಗುರುತು ಊರು ಬಿಟ್ಟು ಹೋಗಲ್ಲ. ಗುಮಾಸ್ತರ ಪಾಲಿಗೆ ಉಳಿದದ್ದು, ಗೊತ್ತಿಲ್ಲದ ಸರ್ವರಿನ ಹೆಸರಿದ್ದರೆ ಒತ್ತದೆ, ಕಳಿಸಿದವರಿಗೆ ಫೋನ್ ಹೊಡೆದು ಕೇಳೋದು.

ಗೂಗಲ್ ಡ್ರೈವಿನಂಥ ಕಡೆ ಫೈಲಿಡುವವರದು ಇನ್ನೊಂದು ತಮಾಷೆ. “ಲಿಂಕ್ ಇರುವ ಯಾರಾದರೂ” ಎಂದು ಒತ್ತಿಬಿಟ್ಟರೆ ಗೋದಾಮಿಗೆ ಬೀಗವೇ ಇಲ್ಲ. ವಾಟ್ಸಾಪಿನಲ್ಲಿ ಆ ಲಿಂಕು ಎಷ್ಟು ಕೈ ದಾಟಿತೋ ಅಷ್ಟೂ ಜನ ಒಳಗೆ. ಹೆಸರು ಹಿಡಿದು ಇಂತಿಂಥವರಿಗೆ ಮಾತ್ರ ಎಂದು ಕೊಡಲು ಅರ್ಧ ನಿಮಿಷ ಹೆಚ್ಚು ಬೇಕು, ಅಷ್ಟೆ.

ಅಂಗಡಿಯವರು ಫೀಜು ಕೊಡುವಾಗ ಆಡಿಟರನ್ನು ಒಂದು ಮಾತು ಕೇಳಬಹುದು: “ನಮ್ಮ ಫೈಲು ಯಾರ್ಯಾರು ತೆಗೀಬಹುದು ಸ್ವಾಮಿ? ಹೋದ ವರ್ಷ ಕೆಲಸ ಬಿಟ್ಟ ಹುಡುಗನ ಹೆಸರು ಇನ್ನೂ ಪಟ್ಟಿಯಲ್ಲಿದೆಯಾ?”